ಬಾಡಿಗೆ ಮಳಿಗೆಗೆ ಸಂಸ್ಥೆಯ ಚಹರೆ: ಮೈಸೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಬಾಡಿಗೆಗೆ ಮಳಿಗೆಯನ್ನೋ ಕಚೇರಿಯನ್ನೋ ಹಿಡಿದು, ಅದನ್ನು ತಮ್ಮ ಸಂಸ್ಥೆಯ ಹೆಸರಿಗೂ ಸ್ವಭಾವಕ್ಕೂ ಒಪ್ಪುವಂತೆ ಸಜ್ಜುಗೊಳಿಸಲು ಹೊರಡುವವರು ಒಳಾಂಗಣ ವಿನ್ಯಾಸದ ಕೆಲಸದಲ್ಲಿರುವ ನಮ್ಮನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಕಾನೂನು ಮತ್ತು ತೆರಿಗೆಯ ಮಾತು ಬಂದಲ್ಲೆಲ್ಲ ಅದು ಸಾಮಾನ್ಯ ತಿಳಿವಳಿಕೆಗೆ ಮಾತ್ರ. ಕರಾರನ್ನು ನಿಮ್ಮ ವಕೀಲರಿಗೂ ಲೆಕ್ಕವನ್ನು ನಿಮ್ಮ ಲೆಕ್ಕಪರಿಶೋಧಕರಿಗೂ ತೋರಿಸಿಯೇ ಮುಂದುವರಿಯುವುದು ಒಳ್ಳೆಯದು.

ವಿನ್ಯಾಸದ ವಿಚಾರವನ್ನು ಕರಾರಿಗೆ ಸಹಿ ಹಾಕಿದ ಮೇಲೆ ನೋಡಿಕೊಂಡರೆ ಸಾಲದೇ?

ಸಾಲದು. ಅಡ್ವಾನ್ಸ್ ಹಣ ಕೈದಾಟಿದ ಮೇಲೆ ಮಾಲೀಕರೊಂದಿಗೆ ಚೌಕಾಸಿ ಮಾಡಲು ನಿಮ್ಮಲ್ಲಿ ಏನೂ ಉಳಿದಿರುವುದಿಲ್ಲ. ಹೆಸರಿನ ಫಲಕ ಮುಂಗೋಡೆಯ ಯಾವ ಭಾಗದಲ್ಲಿ ಬರುತ್ತದೆ, ಅದರ ಅಗಲ ಮತ್ತು ಎತ್ತರ ಎಷ್ಟು, ಎ.ಸಿ.ಯ ಹೊರಘಟಕವನ್ನು ಎಲ್ಲಿ ಕೂರಿಸಬಹುದು, ನೆಲದ ಮೇಲೆ ಹೊಸ ಹಾಸು ಹಾಕಬಹುದೇ, ಒಳಗೋಡೆಯೊಂದನ್ನು ತೆಗೆಯಬಹುದೇ ಎಂಬ ಪ್ರಶ್ನೆಗಳಿಗೆಲ್ಲ ಸಹಿಗೆ ಮುಂಚೆಯೇ ಉತ್ತರ ಸಿಗಬೇಕು. ನಾವು ಹೇಳುವ ವಿಧಾನ ಸರಳವಾದದ್ದು: ಒಂದು ಪುಟದ ನಕ್ಷೆಯಲ್ಲಿ ಈ ಎಲ್ಲವನ್ನೂ ಗುರುತಿಸಿ, ಅದನ್ನು ಕರಾರಿನ ಅನುಬಂಧವನ್ನಾಗಿ ಸೇರಿಸಿ, ಅದಕ್ಕೂ ಎರಡೂ ಕಡೆಯವರ ಸಹಿ ಹಾಕಿಸಿ. ಅದರಲ್ಲೂ ಮುಂಗೋಡೆಯ ವಿಷಯವನ್ನು ಬಿಟ್ಟುಬಿಡುವವರು ಬಹಳ. ದೇವರಾಜ ಅರಸು ರಸ್ತೆಯಂಥ ಕಡೆ ಕೆಳಗೊಂದು, ಮೇಲೆರಡು ಮಳಿಗೆಗಳಿರುವ ಕಟ್ಟಡದಲ್ಲಿ ಮೊದಲ ಮಹಡಿಯವರ ಫಲಕ ಕೆಳಗಿನವರ ತಲೆಯ ಮೇಲೆ ಬರುತ್ತದೆ. ಕೆಳಗಿನವರ ಕರಾರಿನಲ್ಲಿ ಅದೇ ಜಾಗ ಈಗಾಗಲೇ ಅವರ ಪಾಲಾಗಿದ್ದರೆ ನೀವು ಮೆಟ್ಟಿಲಿನ ಬದಿಯ ಒಂದಡಿ ಜಾಗಕ್ಕೆ ತೃಪ್ತಿಪಡಬೇಕಾಗುತ್ತದೆ.

ಸಜ್ಜುಗೊಳಿಸುವ ಅವಧಿಗೆ ಬಾಡಿಗೆ ಬೇಡವೆಂದು ಕೇಳುವುದೂ ಇದೇ ಹಂತದಲ್ಲಿ. ದೊಡ್ಡ ಜಾಗ ಹಿಡಿಯುವ ಕಂಪನಿಗಳು ಇದನ್ನು ಸಹಜವಾಗಿ ಕೇಳಿ ಪಡೆಯುತ್ತವೆ; ಚಿಕ್ಕ ಮಳಿಗೆಯವರು ಮಾತ್ರ ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಮರದ ಕೆಲಸ ನಡೆಯುತ್ತಿರುವಾಗ ಒಂದು ರೂಪಾಯಿಯ ವ್ಯಾಪಾರವೂ ಆಗುವುದಿಲ್ಲವೆಂಬುದು ಮಾಲೀಕರಿಗೂ ಗೊತ್ತಿರುವುದರಿಂದ, ಕೇಳಿದರೆ ಹದಿನೈದು ದಿನವಾದರೂ ಬಿಡುತ್ತಾರೆ.

ಮಾಲೀಕರು "ಏನು ಬೇಕಾದರೂ ಮಾಡಿಕೊಳ್ಳಿ" ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಬರಹದಲ್ಲಿಯೂ ಬೇಕೇ?

ಬೇಕೇ ಬೇಕು. ಹೇಳಿದವರು ಒಳ್ಳೆಯವರೇ ಇರಬಹುದು. ಆದರೆ ಮೂರು ವರ್ಷದ ನಂತರ ಲೆಕ್ಕ ಕೇಳುವವರು ಅವರ ಮಗನೋ ಅಳಿಯನೋ ಆಗಿರುತ್ತಾರೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಂ ಬಾಡಿಗೆದಾರನ ಮತ್ತು ಮಾಲೀಕನ ಹಕ್ಕುಬಾಧ್ಯತೆಗಳನ್ನು ಹೇಳುತ್ತದೆ. ಅದರ ಪ್ರಕಾರ ಮಾಲೀಕನ ಒಪ್ಪಿಗೆಯಿಲ್ಲದೆ ಬಾಡಿಗೆದಾರನು ಶಾಶ್ವತ ಕಟ್ಟಡ ರಚನೆ ಮಾಡುವಂತಿಲ್ಲ. ಕೃಷಿ ಉದ್ದೇಶಕ್ಕೆ ಮಾತ್ರ ಇದರಿಂದ ವಿನಾಯಿತಿ. ಇನ್ನೊಂದು ಕಡೆ, ಬಾಡಿಗೆದಾರನು ತಾನು ಜೋಡಿಸಿದ ವಸ್ತುಗಳನ್ನು, ಜಾಗ ಇನ್ನೂ ತನ್ನ ಸ್ವಾಧೀನದಲ್ಲಿರುವಷ್ಟು ಕಾಲ, ಅವಧಿ ಮುಗಿದ ಮೇಲೂ ತೆಗೆದುಕೊಂಡು ಹೋಗಬಹುದು. ಜಾಗವನ್ನು ಮಾತ್ರ ತಾನು ಪಡೆದ ಸ್ಥಿತಿಯಲ್ಲೇ ಬಿಡಬೇಕು. ಬೀಗದ ಕೈ ಕೊಟ್ಟ ಮಾರನೆಯ ದಿನ ಬಂದು "ನಮ್ಮ ಕೌಂಟರ್ ಒಯ್ಯುತ್ತೇವೆ" ಎನ್ನುವುದು ಇದರಿಂದಾಗಿಯೇ ಕಷ್ಟ.

ಇವೆಲ್ಲ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಅನ್ವಯಿಸುವ ನಿಯಮಗಳು. ಕರಾರಿನ ಕೊನೆಯ ಪುಟದಲ್ಲೆಲ್ಲೋ "ಬಾಡಿಗೆದಾರರು ಮಾಡಿಸಿದ ಎಲ್ಲ ಅಭಿವೃದ್ಧಿಗಳೂ ಮಾಲೀಕರಿಗೆ ಸೇರತಕ್ಕದ್ದು" ಎಂಬ ಒಂದು ಸಾಲು ಇದ್ದರೆ ಮೇಲಿನ ಹಕ್ಕು ಮುಗಿದಂತೆಯೇ. ಪತ್ರಬರಹಗಾರರ ಬಳಿ ಸಿಗುವ ಸಿದ್ಧ ನಮೂನೆಗಳಲ್ಲಿ ಇಂಥ ಸಾಲುಗಳನ್ನು ಯಾರೂ ಗಮನವಿಟ್ಟು ಓದುವುದಿಲ್ಲ. "ಎಲ್ಲ ಅಭಿವೃದ್ಧಿಗಳು" ಎಂಬಲ್ಲಿ ನೆಲಹಾಸು, ಗೋಡೆಯೊಳಗಿನ ವೈರಿಂಗ್, ಶೌಚಾಲಯದ ಜೋಡಣೆ ಎಂದು ಹೆಸರಿಸಿ, ಫಲಕ, ದೀಪ, ಕಪಾಟು, ಕೌಂಟರ್, ಎ.ಸಿ. ಬಾಡಿಗೆದಾರರದ್ದೇ ಎಂದು ಬೇರೆಯಾಗಿ ಬರೆಸಿಕೊಳ್ಳಿ.

ಹನ್ನೊಂದು ತಿಂಗಳ ಕರಾರಿನ ಮೇಲೆ ಒಳಾಂಗಣಕ್ಕೆ ದೊಡ್ಡ ಮೊತ್ತ ಹಾಕಬಹುದೇ?

ನಮ್ಮ ಸಲಹೆ, ಬೇಡ. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆಂದು ಅದೇ ಅಧಿನಿಯಮದ 107ನೇ ಕಲಂ ಹೇಳುವುದರಿಂದ ಹನ್ನೊಂದು ತಿಂಗಳ ವಾಡಿಕೆ ಬೆಳೆದುಬಂದಿದೆ. ಆದರೆ ವ್ಯಾಪಾರದ ಜಾಗವನ್ನು ತಿಂಗಳಿಂದ ತಿಂಗಳಿಗೆ ಹಿಡಿದವರನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, 15 ದಿನಗಳ ನೋಟಿಸಿನ ಮೇಲೆ ತೆರವು ಮಾಡುವಂತೆ ಕೇಳಬಹುದು. ಅಂಥ ಜಾಗದ ಗೋಡೆಗೆ ಹಣ ಸುರಿಯುವುದು ಧೈರ್ಯವಲ್ಲ, ಹುಂಬತನ. ಮೂರೋ ಐದೋ ವರ್ಷದ ಗುತ್ತಿಗೆಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ, ಅದರಲ್ಲಿ ಮಾಲೀಕರಿಗೂ ಅನ್ವಯವಾಗುವ ಲಾಕ್ ಇನ್ ಅವಧಿ, ಅಂದರೆ ಕರಾರನ್ನು ನಡುವೆ ಮುರಿಯುವಂತಿಲ್ಲದ ಅವಧಿ, ಇರುವಂತೆ ನೋಡಿಕೊಳ್ಳಿ. ಬಹಳಷ್ಟು ಕರಾರುಗಳಲ್ಲಿ ಲಾಕ್ ಇನ್ ಬಾಡಿಗೆದಾರರನ್ನು ಮಾತ್ರ ಕಟ್ಟಿಹಾಕುತ್ತದೆ.

ಹಾಗಾದರೆ ಎಷ್ಟು ಖರ್ಚು ಮಾಡಬಹುದು? ಯಾವುದಕ್ಕೆ ಮಾಡಬೇಕು?

ಚದರ ಅಡಿಗೆ ಇಷ್ಟು ಎಂದು ಹೇಳುವವರು ನಿಮ್ಮ ಲೆಕ್ಕವನ್ನು ಹೇಳುತ್ತಿಲ್ಲ, ತಮ್ಮ ಲೆಕ್ಕವನ್ನು ಹೇಳುತ್ತಿದ್ದಾರೆ. ಸರಿಯಾದ ಲೆಕ್ಕ ಬೇರೆ. ನೀವು ಮಾಡಿಸುವ ಕೆಲಸವನ್ನು ಎರಡು ಭಾಗ ಮಾಡಿ: ಸ್ಕ್ರೂ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗಬಹುದಾದದ್ದು ಒಂದು, ಕಟ್ಟಡದಲ್ಲೇ ಬಿಟ್ಟು ಹೋಗಬೇಕಾದದ್ದು ಇನ್ನೊಂದು. ಎರಡನೆಯ ಭಾಗದ ಮೊತ್ತವನ್ನು ಲಾಕ್ ಇನ್ ಅವಧಿಯ ತಿಂಗಳುಗಳಿಂದ ಭಾಗಿಸಿದರೆ ಬರುವುದು ನಿಮ್ಮ ನಿಜವಾದ ಹೆಚ್ಚುವರಿ ಬಾಡಿಗೆ. ನೆಲ, ಫಾಲ್ಸ್ ಸೀಲಿಂಗ್ ಮತ್ತು ಗೋಡೆ ಹೊದಿಕೆಗೆ 7,20,000 ರೂಪಾಯಿ ಹಾಕಿ 36 ತಿಂಗಳಿಗೆ ಜಾಗ ಹಿಡಿದಿದ್ದರೆ, ಮಾಲೀಕರಿಗೆ ಕೊಡುವ ಬಾಡಿಗೆಯ ಮೇಲೆ ತಿಂಗಳಿಗೆ 20,000 ರೂಪಾಯಿಯನ್ನು ನೀವು ಗೋಡೆಗೆ ಕೊಡುತ್ತಿದ್ದೀರಿ ಎಂದರ್ಥ. ಈ ಅಂಕಿಯನ್ನು ಕಾಗದದ ಮೇಲೆ ನೋಡಿದ ಬಳಿಕ ಎಷ್ಟೋ ಜನ ಫಾಲ್ಸ್ ಸೀಲಿಂಗ್ ಕೈಬಿಡುತ್ತಾರೆ, ಹಾಗೆ ಕೈಬಿಟ್ಟ ಮಳಿಗೆಗಳು ಚೆನ್ನಾಗಿಯೂ ಕಾಣುತ್ತವೆ.

ಸಂಸ್ಥೆಯ ಗುರುತು ಇರುವುದು ಬಹುಮಟ್ಟಿಗೆ ಒಯ್ಯಬಹುದಾದ ವಸ್ತುಗಳಲ್ಲಿಯೇ. ಗಿರಾಕಿಯ ಕೈ ತಾಗುವುದು ಕೌಂಟರಿಗೆ, ಕಣ್ಣು ಹೋಗುವುದು ಫಲಕಕ್ಕೆ ಮತ್ತು ಬೆಳಕು ಬಿದ್ದ ಸರಕಿಗೆ. ನೆಲದ ವಿಟ್ರಿಫೈಡ್ ಟೈಲ್ಸ್ ಯಾವ ಕಂಪನಿಯದೆಂದು ಯಾರೂ ನೋಡುವುದಿಲ್ಲ. ಆದ್ದರಿಂದ ಹಣ ಮೊದಲು ಫಲಕಕ್ಕೆ, ಆಮೇಲೆ ದೀಪಕ್ಕೆ, ಆಮೇಲೆ ಕೌಂಟರ್ ಮತ್ತು ಕಪಾಟುಗಳಿಗೆ, ಉಳಿದದ್ದು ಬಣ್ಣಕ್ಕೆ ಎಂಬ ಕ್ರಮವನ್ನು ನಾವು ಎಲ್ಲರಿಗೂ ಹೇಳುತ್ತೇವೆ. ಕಪಾಟುಗಳನ್ನು ಗೋಡೆಯ ಅಳತೆಗೆ ಹೊಂದಿಸಿ ಒಂದೇ ಉದ್ದಕ್ಕೆ ಮಾಡಿಸಬೇಡಿ. ಮೂರಡಿ ಅಗಲದ ಬಿಡಿ ಘಟಕಗಳಾಗಿ ಮಾಡಿಸಿ ನಟ್ಟು ಬೋಲ್ಟಿನಿಂದ ಜೋಡಿಸಿದರೆ, ನಾಳೆ ಕುವೆಂಪುನಗರದಿಂದ ಬೋಗಾದಿ ರಸ್ತೆಗೆ ಹೋದಾಗ ಅವು ಅಲ್ಲಿಯೂ ಹೊಂದಿಕೊಳ್ಳುತ್ತವೆ.

ಹೆಸರಿನ ಫಲಕದಲ್ಲಿ ಕನ್ನಡ ಎಷ್ಟಿರಬೇಕು? ನಮ್ಮ ಲೋಗೊ ಇಂಗ್ಲಿಷಿನಲ್ಲಿದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ಕ್ಕೆ 2024ರಲ್ಲಿ ಆದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಮತ್ತು ಅದು ಫಲಕದ ಮೇಲ್ಭಾಗದಲ್ಲಿರಬೇಕು. ಇದನ್ನು ಫಲಕ ತಯಾರಾದ ಮೇಲೆ ಅಲ್ಲ, ವಿನ್ಯಾಸದ ಮೊದಲ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೊಡ್ಡ ಇಂಗ್ಲಿಷ್ ಲೋಗೊ ಮಾಡಿಸಿ, ಅದರ ಮೇಲೆ ಒಂದು ಪಟ್ಟಿಯಲ್ಲಿ ಕನ್ನಡ ಅಂಟಿಸುವವರ ಫಲಕ ನಿಯಮಕ್ಕೂ ಒಪ್ಪುವುದಿಲ್ಲ, ನೋಟಕ್ಕೂ ಒಪ್ಪುವುದಿಲ್ಲ.

ನಿಯಮದ ಮಾತು ಅಷ್ಟಕ್ಕೆ ಮುಗಿಯಿತು. ಅಕ್ಷರದ ಮಾತು ಅದಕ್ಕಿಂತ ದೊಡ್ಡದು. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಕುಳಿತುಬಿಡುತ್ತವೆ. ಕನ್ನಡಕ್ಕೆ ಮೇಲೆ ಗುಣಿತಕ್ಕೂ ಕೆಳಗೆ ಒತ್ತಕ್ಷರಕ್ಕೂ ಜಾಗ ಬೇಕು. "ಎಲೆಕ್ಟ್ರಾನಿಕ್ಸ್" ಎಂದು ಬರೆದು ನೋಡಿ: ಕಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು, ಮೇಲೆ ದೀರ್ಘ. ಎರಡಡಿ ಎತ್ತರದ ಪಟ್ಟಿಯಲ್ಲಿ ಇದನ್ನು ಕೂರಿಸಿದರೆ ಮೂಲಾಕ್ಷರದ ಪಾಲಿಗೆ ಒಂದಡಿಯಷ್ಟೇ ಉಳಿಯುತ್ತದೆ, ಒತ್ತುಗಳ ಗೆರೆ ತೀರ ಸಣ್ಣದಾಗಿ ಅದರೊಳಗೆ ಎಲ್‌ಇಡಿ ಮಾಡ್ಯೂಲ್ ಹಿಡಿಸುವುದೇ ಇಲ್ಲ. ರಾತ್ರಿ ದೀಪ ಹಾಕಿದಾಗ ಮೂಲಾಕ್ಷರಗಳು ಮಾತ್ರ ಬೆಳಗಿ, ಒತ್ತುಗಳು ಕತ್ತಲಲ್ಲಿ ಉಳಿದ ಫಲಕಗಳನ್ನು ನೀವು ಊರಿನ ತುಂಬ ಕಾಣಬಹುದು. ಇದಕ್ಕೆ ಪರಿಹಾರವೆಂದರೆ ಒತ್ತಕ್ಷರ ಹೆಚ್ಚಿರುವ ಹೆಸರಿಗೆ ಒಳಗಿನಿಂದ ಬೆಳಗುವ ಅಕ್ಷರದ ಬದಲು, ಗಟ್ಟಿ ಅಕ್ಷರ ಮಾಡಿಸಿ ಹಿಂದಿನ ಗೋಡೆಯ ಮೇಲೆ ಬೆಳಕು ಬೀಳುವಂತೆ ಮಾಡುವುದು. ಆಗ ಗೆರೆ ಎಷ್ಟೇ ಸಣ್ಣದಿದ್ದರೂ ಇಡೀ ಅಕ್ಷರ ನೆರಳುಚಿತ್ರದಂತೆ ಸ್ಪಷ್ಟವಾಗಿ ಓದಿಸಿಕೊಳ್ಳುತ್ತದೆ.

ಇನ್ನೊಂದು ಎಚ್ಚರ ಕಡತಕ್ಕೆ ಸಂಬಂಧಿಸಿದ್ದು. ನೀವು ಯುನಿಕೋಡಿನಲ್ಲಿ ಸಿದ್ಧಪಡಿಸಿದ ಕನ್ನಡವನ್ನು ಫಲಕ ತಯಾರಿಸುವವರ ಹಳೆಯ ಕೋರೆಲ್‌ಡ್ರಾದಲ್ಲಿ ತೆರೆದಾಗ ಒತ್ತುಗಳು ಒಡೆಯುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಅಕ್ಷರಗಳನ್ನು ಗೆರೆಯ ಆಕೃತಿಗೆ, ಅಂದರೆ ಕರ್ವ್‌ಗೆ ಪರಿವರ್ತಿಸಿದ ಕಡತವನ್ನೇ ಕಳುಹಿಸಿ, ಕತ್ತರಿಸುವ ಮೊದಲು ಪೂರ್ಣ ಅಳತೆಯ ಕಾಗದದ ಪ್ರತಿಯೊಂದನ್ನು ಗೋಡೆಗೆ ಅಂಟಿಸಿ ರಸ್ತೆಯ ಆಚೆ ಬದಿಯಿಂದ ಓದಿ ನೋಡಿ. ಸಾಧ್ಯವಿದ್ದರೆ ಕನ್ನಡದ ಲೋಗೊವನ್ನು ಅಕ್ಷರ ವಿನ್ಯಾಸ ಬಲ್ಲವರಿಂದಲೇ ಬರೆಸಿ. ಇಂಗ್ಲಿಷ್ ಲೋಗೊದ ತಲೆಕಟ್ಟನ್ನು ಕನ್ನಡಕ್ಕೆ ತೊಡಿಸುವ ಪ್ರಯತ್ನಗಳು ಸಾಮಾನ್ಯವಾಗಿ ಎರಡು ಭಾಷೆಗಳಲ್ಲಿಯೂ ಓದಲಾಗದ ಸ್ಥಿತಿಯಲ್ಲಿ ಮುಗಿಯುತ್ತವೆ.

ಫಲಕ ಹಾಕಲು ಯಾರ ಅನುಮತಿ ಬೇಕು?

ಮಾಲೀಕರ ಬರಹದ ಒಪ್ಪಿಗೆ ಮೊದಲನೆಯದು. ಉದ್ದಿಮೆ ಪರವಾನಗಿ ಮತ್ತು ಫಲಕದ ವಿಷಯಕ್ಕೆ ಮಹಾನಗರ ಪಾಲಿಕೆಯ ನಿಮ್ಮ ವಲಯ ಕಚೇರಿಯಲ್ಲಿ ವಿಚಾರಿಸಬೇಕು. ಮೈಸೂರಿನಲ್ಲಿ ಅಂಥ ವಲಯಗಳು ಒಂಬತ್ತಿವೆ. ಪಾದಚಾರಿ ಮಾರ್ಗದ ಮೇಲೆ ಚಾಚಿಕೊಳ್ಳುವ ಫಲಕ, ಚಾವಣಿಯ ಮೇಲಿನ ಜಾಹೀರಾತು, ಕಂಬಕ್ಕೆ ಕಟ್ಟುವ ಬ್ಯಾನರ್ ಇವೆಲ್ಲ ಜಾಹೀರಾತಿನ ನಿಯಮಗಳ ಕೆಳಗೆ ಬರುತ್ತವೆ. ಪ್ರಾರಂಭೋತ್ಸವಕ್ಕೆಂದು ಫ್ಲೆಕ್ಸ್ ಮಾಡಿಸಲು ಹೊರಟವರಿಗೆ ಒಂದು ನೆನಪು: ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ಮತ್ತು ಬ್ಯಾನರ್‌ಗಳನ್ನು 2016ರಲ್ಲೇ ನಿಷೇಧಿಸಲಾಗಿದೆ. ಬಟ್ಟೆಯ ಬ್ಯಾನರ್ ಮಾಡಿಸಿ. ಅದು ಚೆನ್ನಾಗಿಯೂ ಕಾಣುತ್ತದೆ.

ಲೋಗೊದ ಬಣ್ಣ ಗೋಡೆಯ ಮೇಲೆ ಬೇರೆಯೇ ಕಾಣುತ್ತದೆ, ಏಕೆ?

ಪರದೆಯ ಬಣ್ಣ ಬೆಳಕಿನಿಂದ ಹುಟ್ಟಿದ್ದು, ಗೋಡೆಯ ಬಣ್ಣ ಬೆಳಕನ್ನು ಹೀರಿ ಉಳಿದದ್ದು. ಎರಡೂ ಒಂದೇ ಆಗುವುದಿಲ್ಲ. ಮೊಬೈಲಿನ ಚಿತ್ರ ತೋರಿಸಿ ಬಣ್ಣ ಕೇಳುವ ಬದಲು, ಬಣ್ಣದ ಕಂಪನಿಯ ಶೇಡ್ ಕಾರ್ಡಿನಿಂದ ಸಂಖ್ಯೆ ಆರಿಸಿ, ಲೋಹದ ಕೆಲಸಕ್ಕೆ ಪೌಡರ್ ಕೋಟಿಂಗ್‌ನ ಆರ್‌ಎಎಲ್ ಸಂಖ್ಯೆಯನ್ನು ಹೊಂದಿಸಿ, ಎರಡನ್ನೂ ಸಂಸ್ಥೆಯ ಕಡತದಲ್ಲಿ ಬರೆದಿಡಿ. ಎರಡಡಿ ಚೌಕದ ಮಾದರಿಯನ್ನು ಅದೇ ಗೋಡೆಯ ಮೇಲೆ ಬಳಿದು ಬೆಳಿಗ್ಗೆ, ಸಂಜೆ ಮತ್ತು ದೀಪ ಹಾಕಿದ ಮೇಲೆ ನೋಡಬೇಕು.

ದೀಪದ ಪಾತ್ರ ಇಲ್ಲಿ ಬಣ್ಣಕ್ಕಿಂತ ಹೆಚ್ಚು. ರೇಷ್ಮೆ ಸೀರೆಯ ಅಂಗಡಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಅರಗಿನ ಬಣ್ಣದ ಸೀರೆ ಅಂಗಡಿಯೊಳಗೆ ಕಂದಾಗಿ ಕಾಣುವುದನ್ನು, ಗಿರಾಕಿ ಅದನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡಿ "ಇದು ಬೇರೆ ಸೀರೆಯೇ" ಎಂದು ಕೇಳುವುದನ್ನು ಅವರು ದಿನವೂ ನೋಡುತ್ತಾರೆ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ದೀಪದ ಪೊಟ್ಟಣದ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ. ಸಾಮಾನ್ಯ ಎಲ್‌ಇಡಿಗಳಲ್ಲಿ ಅದು 80ರ ಆಸುಪಾಸು. ಬಟ್ಟೆ, ಒಡವೆ, ಹಣ್ಣು, ಸಿಹಿತಿಂಡಿ ಮಾರುವವರು 90ಕ್ಕೆ ಕಡಿಮೆಯಿಲ್ಲದ್ದನ್ನು ಕೇಳಿ ಪಡೆಯಬೇಕು, ಗಾಢ ಕೆಂಪನ್ನು ಸೂಚಿಸುವ ಆರ್9 ಅಂಕಿಯನ್ನೂ ವಿಚಾರಿಸಬೇಕು. ಬೆಳಕಿನ ಛಾಯೆ 3,000 ಕೆಲ್ವಿನ್ ಇದ್ದರೆ ಜರಿಗೆ ಒಪ್ಪುತ್ತದೆ, ಔಷಧಿ ಅಂಗಡಿಗೂ ಕಚೇರಿಗೂ 4,000 ಸರಿ. ನೀಲಿ ಛಾಯೆಯ 6,500 ಕೆಲ್ವಿನ್ ದೀಪವನ್ನು ಎಲ್ಲೆಡೆ ಹಾಕುವ ಅಭ್ಯಾಸ ನಮ್ಮ ಊರಿನಲ್ಲಿ ಹೇಗೋ ಬೇರೂರಿದೆ. ಅದರ ಕೆಳಗೆ ಮೈಸೂರು ಪಾಕ್ ಕೂಡ ಹಸಿವು ಹುಟ್ಟಿಸುವುದಿಲ್ಲ.

ನಾವು ಹಿಡಿದಿರುವುದು ಹಳೆಯ ಕಟ್ಟಡ. ಏನೇನು ಮಾಡಬಾರದು?

ಅಶೋಕ ರಸ್ತೆ, ಸಯ್ಯಾಜಿರಾವ್ ರಸ್ತೆ, ಚಾಮರಾಜಪುರಂ, ಲಕ್ಷ್ಮೀಪುರಂ ಕಡೆ ಇಟ್ಟಿಗೆ ಗಾರೆಯ ದಪ್ಪ ಗೋಡೆ ಮತ್ತು ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿದ ಚಾವಣಿ) ಇರುವ ಕಟ್ಟಡಗಳು ಇನ್ನೂ ಬಾಡಿಗೆಗೆ ಸಿಗುತ್ತವೆ. ಅಂಥ ಕಟ್ಟಡದಲ್ಲಿ ಭಾರ ಹೊರುವುದು ಗೋಡೆಯೇ ಹೊರತು ಕಂಬವಲ್ಲ. ಎರಡು ಕೋಣೆಗಳನ್ನು ಒಂದು ಮಾಡಲೆಂದು ಗೋಡೆ ಒಡೆಯುವ ಮಾತನ್ನು ರಚನಾ ಎಂಜಿನಿಯರ್ ನೋಡದೆ ಆಡಲೇಬಾರದು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದುಬಿದ್ದದ್ದನ್ನು ಕಂಡ ಊರು ಇದು. ಹಳೆಯ ಗೋಡೆಯ ವಿಷಯದಲ್ಲಿ ಅಂದಾಜಿನ ಮೇಲೆ ಹೋಗುವಂತಿಲ್ಲ. ಪಾರಂಪರಿಕ ಪಟ್ಟಿಯಲ್ಲಿರುವ ಕಟ್ಟಡವಾದರೆ ಮುಂಭಾಗದ ಬದಲಾವಣೆಗೆ ಬೇರೆ ಅನುಮತಿಯೇ ಬೇಕಾಗುವುದರಿಂದ, ಮುಂಗಡ ಕೊಡುವ ಮುನ್ನವೇ ಅದನ್ನು ಪಾಲಿಕೆಯಲ್ಲಿ ಖಚಿತಪಡಿಸಿಕೊಳ್ಳಿ.

ಸಣ್ಣ ವಿಷಯಗಳಲ್ಲಿಯೂ ಹಳೆಯ ಗೋಡೆಯ ಸ್ವಭಾವ ಬೇರೆ. ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತಿರುತ್ತದೆ. ಅದರ ಮೇಲೆ ಸಿಮೆಂಟ್ ಪುಟ್ಟಿ ಮತ್ತು ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಒಂದು ಮಳೆಗಾಲಕ್ಕೇ ನಿಮ್ಮ ಲೋಗೊದ ಬಣ್ಣ ಹಪ್ಪಳದಂತೆ ಏಳುತ್ತದೆ. ಸುಣ್ಣದ ಬಣ್ಣ ಅಥವಾ ಉಸಿರಾಡುವ ಗುಣದ ಖನಿಜ ಬಣ್ಣವೇ ಅಲ್ಲಿ ನಿಲ್ಲುವಂಥದ್ದು. ಫಲಕವನ್ನು ಹಿಡಿಸಲು ಹಾಕುವ ಮಾಮೂಲಿ ವಿಸ್ತರಣಾ ಬೋಲ್ಟು ಮೆತುವಾದ ಗಾರೆಯಲ್ಲಿ ಕಚ್ಚುವುದಿಲ್ಲ: ಡ್ರಿಲ್ ಹಾಕಿದಾಗ ಬಿಳಿಯ ಪುಡಿ ಸುಮ್ಮನೆ ಸುರಿಯತೊಡಗಿತೆಂದರೆ ನಿಲ್ಲಿಸಿ, ರಾಸಾಯನಿಕ ಆಂಕರ್ ಬಳಸಿ, ಇಲ್ಲವೇ ಭಾರವನ್ನೆಲ್ಲ ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟಿಗೆ ವರ್ಗಾಯಿಸಿ.

ಇಂಥ ಕಟ್ಟಡವನ್ನು ಹಿಡಿದು, ಮುಂಭಾಗವನ್ನೆಲ್ಲ ಎಸಿಪಿ (ಎರಡು ಅಲ್ಯೂಮಿನಿಯಂ ತಗಡುಗಳ ನಡುವೆ ತಿರುಳಿರುವ) ಹಾಳೆಯಿಂದ ಮುಚ್ಚುವವರನ್ನು ಕಂಡರೆ ನಮಗೆ ನಿಜಕ್ಕೂ ಬೇಸರವಾಗುತ್ತದೆ. ಕಮಾನು, ಕಿಟಕಿಯ ಗಾರೆ ಕೆಲಸ, ಮರದ ಕಂಬ ಇವು ಹಣ ಕೊಟ್ಟರೂ ಸಿಗದ ಗುರುತು. ಹೊಸ ಬಡಾವಣೆಯಲ್ಲಿ ಎಸಿಪಿ ಹಾಕುವುದಿದ್ದರೂ, ಒಳಗೆ ಪಾಲಿಥಿಲೀನ್ ತಿರುಳಿರುವ ಅಗ್ಗದ ಹಾಳೆ ಬೆಂಕಿಯನ್ನು ಬೇಗ ಹರಡುತ್ತದೆಂಬುದನ್ನು ತಿಳಿದು, ಬೆಂಕಿ ತಡೆಯುವ ದರ್ಜೆಯದನ್ನೇ ಕೇಳಬೇಕು.

ಮೈಸೂರಿನ ಗುರುತಾಗಿ ಅರಮನೆ, ಅಂಬಾರಿ, ಗಂಡಭೇರುಂಡ ಬಳಸಬಹುದೇ?

ಅರಮನೆ ಮತ್ತು ಅಂಬಾರಿ ಎಲ್ಲರವೂ ಹೌದು. ಸಮಸ್ಯೆ ಇರುವುದೂ ಅಲ್ಲಿಯೇ. ಒಂದೇ ರಸ್ತೆಯ ಹೋಟೆಲು, ಲಾಡ್ಜು, ಟ್ರಾವೆಲ್ಸ್ ಮೂರರ ಗೋಡೆಯ ಮೇಲೂ ದೀಪಾಲಂಕೃತ ಅರಮನೆಯ ಅದೇ ಚಿತ್ರವಿದ್ದರೆ ಅದು ಯಾವ ಸಂಸ್ಥೆಯ ಗುರುತೂ ಆಗುವುದಿಲ್ಲ. ಗಂಡಭೇರುಂಡದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಅದು ರಾಜ್ಯ ಲಾಂಛನದ ಭಾಗ, ಮತ್ತು ಸರ್ಕಾರದ ಲಾಂಛನವನ್ನು ವ್ಯಾಪಾರದ ಗುರುತಾಗಿ ಅನುಮತಿಯಿಲ್ಲದೆ ಬಳಸುವುದನ್ನು 1950ರ ಲಾಂಛನಗಳು ಮತ್ತು ಹೆಸರುಗಳ ದುರ್ಬಳಕೆ ತಡೆ ಅಧಿನಿಯಮ ನಿಷೇಧಿಸುತ್ತದೆ. ದೇವಸ್ಥಾನದ ಕೆತ್ತನೆಯಲ್ಲಿರುವ ಗಂಡಭೇರುಂಡದ ಆಕೃತಿಯನ್ನು ಅಲಂಕಾರಕ್ಕೆ ಬಳಸುವುದು ಬೇರೆ, ಲಾಂಛನವನ್ನೇ ಲೋಗೊದಲ್ಲಿ ಎತ್ತಿ ಹಾಕುವುದು ಬೇರೆ.

ಊರಿನ ಸೊಗಡು ಬೇಕೆಂದರೆ ಊರಿನ ಕೈಕೆಲಸದ ಕಡೆ ನೋಡಿ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ, ಗಂಜೀಫಾ ಆಟದ ಎಲೆಗಳು, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಹಣಕಾಸು ಸಂಸ್ಥೆಯೊಂದರ ಸ್ವಾಗತ ಮೇಜಿನ ಹಿಂದೆ, ಸಂಸ್ಥೆಯ ಲೋಗೊವನ್ನೇ ಬೀಟೆಯ ಹಲಗೆಯಲ್ಲಿ ತಿಳಿಬಣ್ಣದ ಮರದ ತುಣುಕುಗಳಿಂದ ಕೂರಿಸಿದ ಮೂರಡಿಯ ಫಲಕವೊಂದು ಸಾಕು, ಉಳಿದ ಗೋಡೆ ಖಾಲಿಯಿದ್ದರೂ ನಡೆಯುತ್ತದೆ. ಹತ್ತಿರ ಹೋದಾಗ ತುಣುಕು ತುಣುಕಿನ ನಡುವೆ ಉಗುರು ಹೋಗದಷ್ಟು ಬಿಗಿಯಾದ ಜೋಡಣೆ ಕಾಣುತ್ತದೆ, ಕೈಯಾಡಿಸಿದರೆ ಎಲ್ಲಿಯೂ ಏಣು ಸಿಗುವುದಿಲ್ಲ. ಅದನ್ನು ಚೌಕಟ್ಟು ಹಾಕಿ ಕೊಕ್ಕೆಗೆ ನೇತುಹಾಕಿದ್ದರೆ ಮುಂದಿನ ಕಚೇರಿಗೂ ಒಯ್ಯಬಹುದು.

ವಿದ್ಯುತ್ ಮತ್ತು ಎ.ಸಿ. ವಿಷಯದಲ್ಲಿ ಗಮನಿಸಬೇಕಾದದ್ದೇನು?

ಮೊದಲು ಮೀಟರಿನ ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ. ಮನೆಯ ಸಂಪರ್ಕವಿರುವ ಜಾಗದಲ್ಲಿ ವ್ಯಾಪಾರ ನಡೆಸುವಂತಿಲ್ಲ. ವಾಣಿಜ್ಯ ದರಪಟ್ಟಿಗೆ ಬದಲಾಯಿಸಿಕೊಳ್ಳಬೇಕು. ಎರಡು ಎ.ಸಿ., ಫಲಕದ ದೀಪ, ಕಾಫಿ ಯಂತ್ರ ಸೇರಿದರೆ ಹಳೆಯ ಸಿಂಗಲ್ ಫೇಸ್ ಸಾಕಾಗುವುದಿಲ್ಲ, ಹೆಚ್ಚುವರಿ ಲೋಡ್‌ಗಾಗಿ ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಗೆ ಅರ್ಜಿ ಹಾಕಬೇಕಾಗುತ್ತದೆ. ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಮಾಲೀಕರ ಹೆಸರಿನಲ್ಲಿ ಇರುವುದರಿಂದ ಅರ್ಜಿಗೆ ಅವರ ಸಹಿ ಬೇಕು, ನೀವು ಕಟ್ಟುವ ಹೆಚ್ಚುವರಿ ಭದ್ರತಾ ಠೇವಣಿಯೂ ಅವರ ಖಾತೆಯಲ್ಲೇ ಉಳಿಯುತ್ತದೆ. ಜಾಗ ಬಿಡುವಾಗ ಆ ಮೊತ್ತವನ್ನು ಮಾಲೀಕರು ನಿಮಗೆ ಕೊಡಬೇಕೆಂದು ಕರಾರಿನಲ್ಲಿ ಒಂದು ಸಾಲು ಇರಲಿ. ಫಲಕದ ದೀಪಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಏಣಿಯಿಲ್ಲದೆ ಕೈಗೆ ಸಿಗುವ ಕಡೆ ಇಡಿಸಿ, ಮೊದಲು ಕೆಡುವುದು ಅದೇ.

ಅಂಗವಿಕಲರಿಗೆ, ಹಿರಿಯರಿಗೆ ಅನುಕೂಲ ಮಾಡುವುದು ಬಾಡಿಗೆದಾರರ ಹೊಣೆಯೇ?

ಸಾರ್ವಜನಿಕರು ಬಂದುಹೋಗುವ ಜಾಗ ಎಲ್ಲರೂ ಪ್ರವೇಶಿಸುವಂತಿರಬೇಕೆಂಬುದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಆಶಯ, ಮತ್ತು ಅದು ಖಾಸಗಿ ಸಂಸ್ಥೆಗಳನ್ನೂ ಒಳಗೊಂಡಿದೆ. ಇಳಿಜಾರಿನ ಪ್ರಮಾಣ 1:12 ಇರಬೇಕು, ಅಂದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೈಸೂರಿನ ಬಹುಪಾಲು ಮಳಿಗೆಗಳ ಮುಂದೆ ಅಷ್ಟು ಜಾಗವಿರುವುದಿಲ್ಲ, ಪಾದಚಾರಿ ಮಾರ್ಗದ ಮೇಲೆ ಕಟ್ಟುವಂತೆಯೂ ಇಲ್ಲ. ಒಂದೆರಡು ಮೆಟ್ಟಿಲಿದ್ದಲ್ಲಿ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಮತ್ತು ಹಿಡಿದುಕೊಳ್ಳಲು ಕೈಕಂಬಿ ಇಡುವುದು ಸಾಧ್ಯ. ಕೌಂಟರಿನ ಒಂದು ಭಾಗವನ್ನು ಗಾಲಿಕುರ್ಚಿಯ ಎತ್ತರಕ್ಕೆ ತಗ್ಗಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಕೆಲಸವನ್ನು ಯಾವಾಗ ಆರಂಭಿಸುವುದು ಅನುಕೂಲ?

ಆಷಾಢದಲ್ಲಿ. ಆ ತಿಂಗಳಲ್ಲಿ ಯಾರೂ ಹೊಸ ಅಂಗಡಿ ತೆರೆಯದ ಕಾರಣ ಬಡಗಿಗಳೂ ಬಣ್ಣದವರೂ ಬಿಡುವಾಗಿರುತ್ತಾರೆ, ಶ್ರಾವಣದ ಆರಂಭಕ್ಕೆ ನಿಮ್ಮ ಮಳಿಗೆ ಸಿದ್ಧವಾಗುತ್ತದೆ. ದಸರೆಗೆ ಮುಂಚಿನ ಮೂರು ವಾರಗಳಲ್ಲಿ ಕೆಲಸ ಇಟ್ಟುಕೊಂಡವರಿಗೆ ಕೆಲಸಗಾರರೂ ಸಿಗುವುದಿಲ್ಲ, ಮೆರವಣಿಗೆ ಸಾಗುವ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿ ಸಾಮಾನು ಇಳಿಸುವುದೂ ಕಷ್ಟ. ಹೊರಗೋಡೆಯ ಬಣ್ಣವನ್ನು ಮಾತ್ರ ಮಳೆ ನೋಡಿಕೊಂಡು ಮಾಡಿಸಿ. ನಮ್ಮಲ್ಲಿ ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಮಳೆ ಜೋರು.

ತೆರಿಗೆಯ ಲೆಕ್ಕದಲ್ಲಿ ಏನು ತಿಳಿದಿರಬೇಕು?

ವಾಣಿಜ್ಯ ಬಾಡಿಗೆಯ ಮೇಲೆ ಜಿಎಸ್‌ಟಿ ಶೇ 18. ಮಾಲೀಕರು ಜಿಎಸ್‌ಟಿ ನೋಂದಣಿ ಇಲ್ಲದವರಾಗಿದ್ದು ನೀವು ನೋಂದಾಯಿತರಾಗಿದ್ದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೀವೇ ಸರ್ಕಾರಕ್ಕೆ ಕಟ್ಟಬೇಕು. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿರುವವರನ್ನು ಆಮೇಲೆ ಇದರಿಂದ ಹೊರಗಿಡಲಾಯಿತು. ಕಂಪನಿಯೊಂದು ತಿಂಗಳಿಗೆ 50,000 ರೂಪಾಯಿಗಿಂತ ಹೆಚ್ಚು ಬಾಡಿಗೆ ಕೊಡುವುದಾದರೆ ಶೇ 10ರಷ್ಟು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು.

ಸಜ್ಜಿಕೆಯ ಖರ್ಚಿನಲ್ಲಿಯೂ ಬಿಚ್ಚಿ ಒಯ್ಯುವ ಮತ್ತು ಬಿಟ್ಟುಹೋಗುವ ಭೇದವೇ ಮುಖ್ಯವಾಗುತ್ತದೆ. ಮೇಜು, ಕುರ್ಚಿ, ಬಿಡಿ ಕಪಾಟುಗಳ ಮೇಲೆ ಕಟ್ಟಿದ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಸಿಗುತ್ತದೆ. ಕಟ್ಟಡಕ್ಕೆ ಮಾಡಿದ ನವೀಕರಣವನ್ನು ಬಂಡವಾಳ ವೆಚ್ಚವಾಗಿ ತೋರಿಸಿದರೆ ಅದರ ಜಮೆ ಸಿಗುವುದಿಲ್ಲ. ಗುತ್ತಿಗೆದಾರರು ಎಲ್ಲವನ್ನೂ "ಒಳಾಂಗಣ ಕೆಲಸ" ಎಂದು ಒಂದೇ ಸಾಲಿನ ಬಿಲ್ ಕೊಟ್ಟರೆ ಈ ಎರಡನ್ನು ಬೇರ್ಪಡಿಸಲು ಆಮೇಲೆ ದಾರಿಯಿರುವುದಿಲ್ಲ. ಬಿಲ್ಲನ್ನು ಬಾಬ್ತುವಾರು ಬರೆಸಿಕೊಳ್ಳಿ.

ಜಾಗ ಬಿಡುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರುವಂತೆ ನೋಡಿಕೊಳ್ಳುವುದು ಹೇಗೆ?

ಅದರ ಕೆಲಸ ಬೀಗದ ಕೈ ಪಡೆದ ದಿನವೇ ಆರಂಭವಾಗಬೇಕು. ಪ್ರತಿ ಗೋಡೆ, ನೆಲ, ಚಾವಣಿ, ಶೌಚಾಲಯ ಮತ್ತು ಸ್ವಿಚ್‌ಬೋರ್ಡಿನ ಫೋಟೊ ತೆಗೆದು, ಇರುವ ಬಿರುಕು ಮತ್ತು ಸೋರಿಕೆಯ ಕಲೆಗಳನ್ನು ಪಟ್ಟಿ ಮಾಡಿ, ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮತ್ತು ಇಮೇಲ್‌ನಲ್ಲಿ ಕಳುಹಿಸಿ. ಸಹಜ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ, ಆದರೆ ಯಾವುದು ಸಹಜ ಎಂಬ ವಾದ ಫೋಟೊ ಇಲ್ಲದಿದ್ದರೆ ಮುಗಿಯುವುದೇ ಇಲ್ಲ.

ಬಿಡುವುದಕ್ಕೆ ಎರಡು ತಿಂಗಳು ಮೊದಲೇ ಮಾಲೀಕರನ್ನು ಕರೆಸಿ, ಯಾವುದು ಬೇಕು, ಯಾವುದು ಬೇಡ ಎಂದು ಕೇಳಿ. ಫಾಲ್ಸ್ ಸೀಲಿಂಗ್, ಗಾಜಿನ ಬಾಗಿಲು, ಎ.ಸಿ. ಪೈಪುಗಳನ್ನು ಮುಂದಿನ ಬಾಡಿಗೆದಾರರಿಗೆ ಉಪಯೋಗವಾಗುತ್ತದೆಂದು ಅವರೇ ಉಳಿಸಿಕೊಳ್ಳಲು ಬಯಸುವುದುಂಟು. ಆಗ ಅದಕ್ಕೊಂದು ಬೆಲೆ ಗೊತ್ತು ಮಾಡಿ. ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ವಾಡಿಕೆ ಇಲ್ಲಿದೆ. ಗೋಡೆಗೆ ಗಾಢ ಕೆಂಪೋ ಕಪ್ಪೋ ಬಳಿಸಿದವರು ಆ ಹಣವನ್ನು ಬಿಟ್ಟುಕೊಡುವುದೇ ಅಗ್ಗ, ಏಕೆಂದರೆ ಅದನ್ನು ಬಿಳಿಯಾಗಿಸಲು ಪ್ರೈಮರ್ ಮೇಲೆ ಎರಡು ಮೂರು ಕೋಟ್ ಬೇಕಾಗುತ್ತದೆ. ತಿಳಿ ಬಣ್ಣದವರು ತಾವೇ ಬಳಿಸಿಕೊಟ್ಟು ಹಣ ಉಳಿಸಿಕೊಳ್ಳಬಹುದು. ಫಲಕ ಇಳಿಸಿದ ಮೇಲೆ ಉಳಿಯುವ ಬೋಲ್ಟಿನ ತೂತುಗಳನ್ನು ಅದೇ ದಿನ ಮುಚ್ಚಿಸಿ. ಮಳೆನೀರು ಗೋಡೆಯೊಳಗೆ ಇಳಿದರೆ ದೂರು ನಿಮ್ಮ ಮೇಲೆಯೇ ಬರುತ್ತದೆ. ಬೀಗದ ಕೈ ಕೊಡುವುದೂ ಅಡ್ವಾನ್ಸಿನ ಉಳಿಕೆ ಹಣ ಖಾತೆಗೆ ಬರುವುದೂ ಒಂದೇ ಹೊತ್ತಿಗೆ ಆಗಲಿ, ಮತ್ತು ಉದ್ದಿಮೆ ಪರವಾನಗಿ, ಜಿಎಸ್‌ಟಿ ನೋಂದಣಿ, ಗೂಗಲ್ ಮ್ಯಾಪ್ ಮೂರರಲ್ಲೂ ಹಳೆಯ ವಿಳಾಸವನ್ನು ಬದಲಾಯಿಸಿದ ನಂತರವೇ ಆ ಕಡತವನ್ನು ಮುಚ್ಚಿ.